ಡೀಟರ್ ಕಾಕಾ ಕನ್ನಡ ಕಲಿತ ಮಳೆಗಾಲ

ಮೊನ್ನೆ ನಾನು ಕಲಿಸುವ ಶಾಲೆಯ ಗ್ಯಾದರಿಂಗ್ ಇತ್ತು. ಪುಣೆಯಲ್ಲಿ ವಾರ್ಷಿಕೋತ್ಸವಕ್ಕೆ ಹೀಗೇ ಅನ್ನುತ್ತಾರೆ; ನಮ್ಮದು ಕನ್ನಡ ಮಾಧ್ಯಮದ ಶಾಲೆಯಾದರೂ ಬೇರೆ ಹೆಸರು ಹುಡುಕುವ ಉಸಾಬರಿಗೆ ಯಾರೂ ಹೋಗಿಲ್ಲ. ಎಂಟನೇ ಇಯತ್ತೆಯ ಹುಡುಗಿಯರು ಒಂದು ನಗೆನಾಟಕ ಕಟ್ಟಿದ್ದರು. ಬಿಳಿ ದೊರೆಯ ಪಾತ್ರಕ್ಕೆ ನಿಂತವಳು ಮಹಾದೇವಿ, ಆಳಂದ ಕಡೆಯಿಂದ ಬಂದ ಗೌಂಡಿಯೊಬ್ಬರ ಮಗಳು. ಬಣ್ಣ ಹಚ್ಚುವವನು ಅವಳಿಗೆ ಮೀಸೆ ಅಂಟಿಸಲೆಂದು ಗೋಂದಿನ ಶೀಶೆಯ ಮುಚ್ಚಳ ತೆರೆದ. ರಾಳವೂ ಸ್ಪಿರಿಟ್ಟೂ ಕೂಡಿದ ಆ ಘಾಟು ಮೂಗಿಗೆ ಬಡಿಯಿತು ನೋಡಿ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಕ್ಕಳಿಗೆ ಏನೋ ನೆಪ ಹೇಳಿ ವರಾಂಡಕ್ಕೆ ಬಂದು ಕಂಬ ಹಿಡಿದು ನಿಂತುಕೊಂಡೆ.

ಆ ವಾಸನೆ ಡೀಟರ್ ಕಾಕಾ ಅವರ ಕೋಣೆಯದು.

ಸ್ವಾರಗೇಟಿನ ಹಿಂಬದಿಯ ಹಳೆಯ ಕಟ್ಟಡದಲ್ಲಿ ನಾವು ಎರಡನೇ ಮಹಡಿ, ಅವರು ನೆಲಮಹಡಿ. ಜರ್ಮನಿಯವರು. ಎಪ್ಪತ್ತು ದಾಟಿತ್ತು. ಉದ್ದನೆ ಮುಖ, ತೆಳ್ಳನೆ ತುಟಿ, ಎಡಹುಬ್ಬು ಸದಾ ಒಂದಿಷ್ಟು ಮೇಲೆ. ಸುಮ್ಮನೆ ಹಾಲಿನ ಪ್ಯಾಕೆಟ್ ಹಿಡಿದು ನಿಂತರೂ ಅದರಲ್ಲಿ ವಿಷ ಬೆರೆಸಿ ತಂದವರಂತೆ ಕಾಣುತ್ತಿದ್ದರು. ನಮ್ಮ ಮನೆಯವರು ಪಿಂಪ್ರಿಯ ಕಾರ್ಖಾನೆಯಲ್ಲಿ ದಿನಾ ಮಂದಿಯನ್ನು ಗದರಿಸಿ ಕೆಲಸ ತೆಗೆಸುವ ಆಸಾಮಿ. ಅಂಥವರು ಕೂಡ ನಾವು ಹೊಸದಾಗಿ ಬಂದಾಗ ಮೆಟ್ಟಿಲ ಬಳಿ ಕಾಕಾರನ್ನು ಕಂಡು ಒಳಗೆ ಓಡಿ ಬಂದು ಚಿಲಕ ಹಾಕಿಕೊಂಡಿದ್ದರು. ಆಮೇಲೆ ಇಬ್ಬರೂ ಭಾನುವಾರ ಕೂಡಿ ಕೇರಂ ಆಡುವಷ್ಟು ಗೆಳೆಯರಾದರು. ಆ ಮುಖದ ಹಿಂದೆ ಇದ್ದದ್ದು ಯಾರ ಮನಸ್ಸನ್ನೂ ನೋಯಿಸದ, ಸೊಳ್ಳೆ ಹೊಡೆಯಲೂ ಹಿಂದೆಮುಂದೆ ನೋಡುವ ಮನುಷ್ಯ.

ಮುಖವೇ ಅವರ ಹೊಟ್ಟೆಪಾಡು, ಮುಖವೇ ಅವರ ದುರದೃಷ್ಟ. ತಮ್ಮೂರಿನ ನಾಟಕಶಾಲೆಯಲ್ಲಿ ಪ್ರೇಮಿಯ ಪಾತ್ರ ಮಾಡಬೇಕೆಂದು ಹೋದವರಿಗೆ ಮೊದಲ ದಿನವೇ ವಿಷ ಹಾಕುವ ವೈದ್ಯನ ಪಾತ್ರ ಕೊಟ್ಟರಂತೆ. ಅಲ್ಲಿಂದ ಟೀವಿಗೆ ಹೋದರು. ಕೊಲೆಗಾರ, ಗೂಢಚಾರ, ಸೆರೆಮನೆಯ ಕ್ರೂರ ಅಧಿಕಾರಿ. ಪೊಲೀಸ್ ಕಥೆಗಳಲ್ಲಿ ಇವರ ಮುಖ ಒಮ್ಮೆ ಕಂಡರೆ ಸಾಕು, ಕೊಲೆ ಯಾರು ಮಾಡಿದ್ದೆಂದು ಮನೆಮಂದಿಗೆಲ್ಲ ತಿಳಿದುಹೋಗುತ್ತಿತ್ತಂತೆ. ಓಣಿಯಲ್ಲಿ ಬ್ರೆಡ್ ಮಾರುವ ಹೆಂಗಸು ಚಿಲ್ಲರೆಯನ್ನು ಇವರ ಕೈಗೆ ಕೊಡುತ್ತಿರಲಿಲ್ಲ, ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಅದು ತಡೆಯಲಾಗದೆ, ಧ್ಯಾನ ಕಲಿತು ಶಾಂತಿ ಪಡೆಯೋಣವೆಂದು ಪುಣೆಗೆ ಬಂದರು. ಶಾಂತಿ ಸಿಗುವ ಮೊದಲೇ ಒಬ್ಬ ಸಿನಿಮಾದವನು ರಸ್ತೆಯಲ್ಲಿ ಕೈ ಹಿಡಿದು ನಿಲ್ಲಿಸಿ, ಬಿಳಿಯ ದೊರೆಯೊಬ್ಬ ಬೇಕು, ಚಾವಟಿ ಹಿಡಿಯಲು ಬರುತ್ತದೆಯೇ ಎಂದು ಕೇಳಿದ. ಸಾವಿರಾರು ಮೈಲು ದಾಟಿ ಬಂದರೂ ಮತ್ತದೇ.

ಹಿಂದಿ, ಮರಾಠಿ, ತೆಲುಗು, ಕನ್ನಡ, ಎಲ್ಲದರಲ್ಲೂ ಆಯಿತು. ಕಲೆಕ್ಟರ್, ಕರ್ನಲ್, ಬಾಂಬು ಮಾಡುವ ವಿಜ್ಞಾನಿ, ವಿಗ್ರಹ ಕದಿಯುವ ಕಳ್ಳ. ಎಷ್ಟು ಸಲ ಸತ್ತಿದ್ದಾರೋ ಅವರಿಗೇ ನೆನಪಿರಲಿಲ್ಲ. ಹುಲಿ ತಿಂದಿದೆ, ಬಾವಿಗೆ ನೂಕಿದ್ದಾರೆ, ಊರ ಹೆಂಗಸರೆಲ್ಲ ಕೂಡಿ ಬಡಿದಿದ್ದಾರೆ. ಇಷ್ಟಾದರೂ ಒಂದು ಸಿನಿಮಾದಲ್ಲೂ ಅವರ ಸ್ವಂತ ಧ್ವನಿ ಇರಲಿಲ್ಲ. ಭಾಷೆ ಬಾರದ ನಟನಿಗೆ ಸೆಟ್ಟಿನಲ್ಲಿ ಸುಮ್ಮನೆ ತುಟಿ ಆಡಿಸಿ ಅಂಕಿ ಹೇಳಲು ಬಿಡುತ್ತಾರೆ, ಮಾತನ್ನು ಆಮೇಲೆ ಯಾರೋ ಸ್ಟುಡಿಯೋದಲ್ಲಿ ಕೂತು ತುಂಬುತ್ತಾರೆ. ಕಾಕಾ ಮರಾಠಿಯನ್ನು ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಆದರೂ ಅಂಕಿ ಹೇಳುವ ರೂಢಿ ತಪ್ಪಲಿಲ್ಲ, ಯಾಕೆಂದರೆ ದೊರೆಯ ಮಾತು ಹೇಗಿರಬೇಕೆಂಬುದು ಸ್ಟುಡಿಯೋದವರಿಗೆ ಮೊದಲೇ ಗೊತ್ತಿತ್ತು. ಮುಂದೆ ಕನ್ನಡ ಬಂದ ಮೇಲೆ ಒಮ್ಮೆ ಅಂದರು: "ಮಂದಿನ್ನ ಗಲ್ಲಿಗೆ ಹಾಕ್ರಿ ಅಂತ ನಾ ಎಂದೂ ಹೇಳಿಲ್ರಿ ಅಕ್ಕೋರ. ಆಯ್ನ್ಸ್, ತ್ಸ್ವಾಯ್, ದ್ರಾಯ್ ಅಂತ ಬರೇ ಎಣಸೀನಿ."

ಅಕ್ಕೋರು ಎಂದರೆ ನಮ್ಮ ಕಡೆ ಹೆಣ್ಣು ಮಾಸ್ತರರು. ಹೆಸರು ಹಿಡಿದು ಕರೆಯಿರಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಳೆಗಾಲ ಅದು. ಒಂದು ಸಂಜೆ ನೀರು ಸುರಿಯುವ ಛತ್ರಿ ಹಿಡಿದು ಕಾಕಾ ಮೇಲೆ ಬಂದರು. ಹಿಂದೆ ಒಬ್ಬ ಗಡ್ಡದ ಹುಡುಗ, ನಿರಂಜನ ಅಂತ, ಬೆಂಗಳೂರಿನ ನಿರ್ದೇಶಕ. ನಮ್ಮ ಕಲಬುರಗಿ ಸೀಮೆಯ ಹಳೆಯ ಕಥೆಯೊಂದನ್ನು ಸಿನಿಮಾ ಮಾಡುತ್ತಿದ್ದ. ಹಳೆಯ ವಾಡೆಯ ಮನೆಗಳು ಸಿಗುತ್ತವೆಂದು ಘಾಟಿನಾಚೆಯ ವಾಯಿ ಎಂಬ ಊರಿನ ಕಡೆ ಶೂಟಿಂಗ್ ಇಟ್ಟುಕೊಂಡಿದ್ದ. ಅದರಲ್ಲಿ ಬಿಳಿಯ ಕಲೆಕ್ಟರ್, ಅಂದರೆ ಕಾಕಾರ ಪಾತ್ರ, ಹೆಸರೂ ಕೇಳದೆ ಒಬ್ಬ ಹುಡುಗನನ್ನು ಗಲ್ಲಿಗೆ ಹಾಕಿಸುತ್ತಾನೆ. ಕೊನೆಯ ದೃಶ್ಯದಲ್ಲಿ, ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟವನು, ಆ ಹುಡುಗನ ತಾಯಿಯ ಮನೆಗೆ ಬಂದು ನಾಲ್ಕು ಮಾತಾಡುತ್ತಾನೆ.

"ಸರ್ ಓನ್ ವಾಯ್ಸ್ ಬೇಕು ಮೇಡಂ," ಅಂದ ನಿರಂಜನ. "ಸೆಟ್ಟಲ್ಲೇ ರೆಕಾರ್ಡ್ ಮಾಡ್ತೀವಿ, ಡಬ್ಬಿಂಗ್ ಇಲ್ಲ. ನಿಮ್ಮ ಕಡೆ ಭಾಷೆನೇ ಕಲಿಸಿ. ಎಷ್ಟು ನ್ಯಾಚುರಲ್ ಆಗಿರುತ್ತೋ ಅಷ್ಟು ಒಳ್ಳೇದು."

ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಹುಬ್ಬು ಕೆಳಗಿಳಿದದ್ದನ್ನು ನಾನು ಕಂಡದ್ದು ಅಂದೇ ಮೊದಲು. ಇಡೀ ಆಯುಷ್ಯದಲ್ಲಿ ಮೊದಲ ಬಾರಿ ಕ್ಷಮೆ ಕೇಳುವ ಪಾತ್ರ, ಅದೂ ತನ್ನದೇ ಧ್ವನಿಯಲ್ಲಿ. ನಾನು ಕೂಡಲೇ ಒಪ್ಪಿಕೊಂಡೆ. ಒಪ್ಪದೆ ಇರುವಷ್ಟು ಕಲ್ಲು ಮನಸ್ಸು ನನ್ನದಲ್ಲ.

ಪಾಠ ಶುರುವಾಯಿತು. ಶಾಲೆ ಬಿಟ್ಟ ಮೇಲೆ ನೇರ ಅವರ ಕೋಣೆಗೆ ಹೋಗುತ್ತಿದ್ದೆ. ಗೋಡೆಯ ತುಂಬ ಮೀಸೆಗಳು: ಕರಿಯವು, ಕೆಂಚನೆಯವು, ಬಿಳಿಯವು, ಹಲಗೆಗೆ ಪಿನ್ನು ಚುಚ್ಚಿ ಸಾಲಾಗಿ. ಅವುಗಳ ಗೋಂದಿನ ವಾಸನೆ ಮಳೆಯ ಥಂಡಿಗೆ ಇನ್ನಷ್ಟು ಏರುತ್ತಿತ್ತು. ಹೊರಗೆ ಗಣಪತಿಗೆಂದು ಓಣಿಯ ಹುಡುಗರ ಢೋಲ್ ತಾಲೀಮು. ಅವರು ಉಸಿರು ಬಿಡುವ ಸಂದಿನಲ್ಲಿ ನಾವು ಒಂದು ವಾಕ್ಯ ಮುಗಿಸಬೇಕು. ನನ್ನ ಸ್ವಭಾವ ನಿಮಗೆ ಗೊತ್ತಿಲ್ಲ. ಒಮ್ಮೆ ಕಲಿಸಲು ಕೂತರೆ ಎದುರಿಗೆ ಬ್ರಹ್ಮ ಬಂದರೂ ಬಿಡುವವಳಲ್ಲ. "ಪೇಟಿಯೊಳಗ ನಿಂತು ಮಾತಾಡಿಧಂಗ ಮಾತಾಡಬ್ಯಾಡ್ರಿ ಕಾಕಾ, ಹಿತ್ತಲದಾಗ ನಿಂತು ಮಾತಾಡ್ರಿ," ಎಂದು ಗದರುತ್ತಿದ್ದೆ. ಅವರು ಶಾಣ್ಯಾ ಹುಡುಗನಂತೆ ಮತ್ತೆ ಹೇಳುತ್ತಿದ್ದರು.

ಆ ಮಾತುಗಳನ್ನು ಬರೆದವಳೂ ನಾನೇ. ನಿರಂಜನ ಕೊಟ್ಟದ್ದು ಪುಸ್ತಕದ ಕನ್ನಡ. ಅದನ್ನು ನನ್ನ ಅವ್ವನ ಬಾಯಿಯ ಮಾತಿಗೆ ತಿರುಗಿಸಿದೆ: "ಅವ್ವಾ, ನಿನ್ನ ಮಗನ ಹೆಸರ ನನಗ ಗೊತ್ತಿಲ್ಲ. ಹುಕುಮ ಕೊಡೂ ಮುಂದ ಕೇಳಲಿಲ್ಲ. ಈಗ ಕೇಳ್ಲಿಕ್ಕ ಬಂದೀನಿ. ನೀ ಅವಗ ಏನಂತ ಕರೀತಿದ್ದಿ?"

ಇದನ್ನು ಕಾಕಾ ಮೊದಲ ಸಲ ತಪ್ಪಿಲ್ಲದೆ ಹೇಳಿದ ದಿನ ನನಗೆ ಕಣ್ಣು ತುಂಬಿತು. ಜತೆಗೆ ಅವರ ಗಂಟಲು ಒಡೆದದ್ದೂ ಅಂದೇ ಕಿವಿಗೆ ಬಿತ್ತು.

ಮಾತಾಡಿ ಮಾತಾಡಿ ಹಾಗಾಗಿದೆ ಎಂದು ಜ್ಯೇಷ್ಠಮಧುವಿನ ಬೇರು ಕೊಟ್ಟೆ, ಮೆಣಸಿನ ಹಾಲು ಕಾಸಿಕೊಟ್ಟೆ. ಇಳಿಯಲಿಲ್ಲ. ನಮ್ಮ ಮನೆಯವರು ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ನಾನೂ ಹೋದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಮರಾಠಿಯಲ್ಲಿ, ಮೆಲ್ಲಗೆ ಹೇಳಿದರು: "ಕಾಕಾ, ಆವಾಜ ಜಾಣಾರ. ಪಣ ಜೀವ ವಾಚೇಲ." ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ತಡಮಾಡದೆ ಪೆಟ್ಟಿಗೆಯನ್ನೇ ತೆಗೆಯಬೇಕು. ಧ್ವನಿ ಹೋಗುತ್ತದೆ, ಜೀವ ಉಳಿಯುತ್ತದೆ.

ಕಾಕಾ ಕೇಳಿದ್ದು ಒಂದೇ ಪ್ರಶ್ನೆ, ಶೂಟಿಂಗ್ ಮುಗಿಯುವ ತನಕ ತಡೆಯಬಹುದೇ ಎಂದು. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಅದಕ್ಕೇ ಸಿಟ್ಟು ಬಂತು. ಆಟೋದಲ್ಲಿ ಕೂತವಳು ಮನೆ ಬರುವ ತನಕ ಬೈದೆ.

"ಹುಚ್ಚ ಹಿಡದದೇನ್ರಿ ನಿಮಗ? ಯಾವ ಸಿನಿಮಾ, ಎಲ್ಲಿ ಸಿನಿಮಾ! ಜೀವ ಹೋದ ಮ್ಯಾಲ ಅದನ್ನ ಯಾರಿಗೆ ತೋರಸ್ತೀರಿ?"

"ಅಕ್ಕೋರ," ಅಂದರು ಕಾಕಾ, ಹೊರಗಿನ ಮಳೆ ನೋಡುತ್ತ, "ಹೆಂಗೂ ಹೋಗೂದದ. ಒಂದ್ ಕಡಿ ಇಟ್ಟು ಹೋಗ್ಲಿ."

ಡ್ರೈವರನ ಪಕ್ಕ ಕೂತಿದ್ದ ನಮ್ಮ ಮನೆಯವರು ತಿರುಗಿಯೂ ನೋಡಲಿಲ್ಲ. ಅಳುತ್ತಿದ್ದರೆಂದು ಆಮೇಲೆ ತಿಳಿಯಿತು.

ಶೂಟಿಂಗ್ ಆಷಾಢದಲ್ಲೇ ಆಗಬೇಕಿತ್ತು. ಮಳೆಗೆ ಘಾಟಿನ ರಸ್ತೆ ಕುಸಿಯಿತು, ಮುಂದೆ ಹೋಯಿತು. ಆಮೇಲೆ ನದಿಗೆ ನೀರು ಬಂದು ಸೆಟ್ಟಿನ ಸಾಮಾನು ತೊಯ್ದವು, ಮತ್ತೆ ಮುಂದೆ. ಡಾಕ್ಟರು ಸಿಟ್ಟಾಗಿ ಫೋನ್ ಮಾಡುವುದನ್ನೇ ಬಿಟ್ಟರು. ಕಾಕಾರ ಧ್ವನಿ ದಿನದಿನಕ್ಕೆ ಸೊರಗುತ್ತಿತ್ತು. ಉಳಿದಷ್ಟನ್ನು ದೃಶ್ಯಕ್ಕೆಂದು ಕಾಪಾಡಬೇಕಿತ್ತು. ಆಗ ನಾವು ಒಂದು ದಾರಿ ಮಾಡಿಕೊಂಡೆವು: ಪಾಠದಲ್ಲಿ ಸದ್ದೇ ಇಲ್ಲ. ಅವರು ಬರೀ ತುಟಿ ಆಡಿಸಬೇಕು, ನಾನು ತುಟಿ ನೋಡಿ ತಿದ್ದಬೇಕು. ಮೊದಮೊದಲು ಏನೂ ತಿಳಿಯುತ್ತಿರಲಿಲ್ಲ. ಬರಬರುತ್ತ ಆ ಬಾಯಿಯ ಒಂದೊಂದು ತಿರುವೂ ನನಗೆ ಪಾಠವಾಗಿಹೋಯಿತು. ಢೋಲ್ ಬಡಿತವೂ ಅಡ್ಡಬರಲಿಲ್ಲ. ಅವರು ಸದ್ದಿಲ್ಲದೆ ಹೇಳಿದ ಚೇಷ್ಟೆಯ ಮಾತಿಗೆ ನಾನು ಬಿದ್ದುಬಿದ್ದು ನಗುತ್ತಿದ್ದೆ. ಹಾಲಿನವನು ಬಾಗಿಲಲ್ಲಿ ನಿಂತು ನೋಡಿ ನಮಗಿಬ್ಬರಿಗೂ ತಲೆಕೆಟ್ಟಿದೆ ಎಂದು ನಮ್ಮ ಕಟ್ಟಡದ ತುಂಬ ಹೇಳಿಕೊಂಡು ಬಂದ.

ಕೊನೆಗೂ ಶ್ರಾವಣದಲ್ಲಿ ವಾಯಿಗೆ ಹೋದೆವು. ತಾಯಿಯ ಪಾತ್ರ ಮಾಡಿದ ಪದ್ಮಕ್ಕ ಗದಗ ಕಡೆಯ ಹಳೆಯ ನಾಟಕ ಕಂಪನಿಯ ಕಲಾವಿದೆ. ವಾಡೆಯ ಅಂಗಳದಲ್ಲಿ ಆಕೆ ಅಕ್ಕಿ ಹಸನು ಮಾಡುತ್ತ ಕೂತಿದ್ದರು. ಕಾಕಾ ಟೊಪ್ಪಿಗೆ ತೆಗೆದು ಕಟ್ಟೆಯ ಕೆಳಗೆ ನಿಂತರು. ಮಳೆ ನಿಂತಿತ್ತು. ಕಾಕಾ ಆ ಮಾತು ಹೇಳಿದರು. ಒಡೆದ ಧ್ವನಿ ನಿಜ. ಆದರೆ ನಮ್ಮೂರಿನ ಯಾವನೋ ಹಿರಿಯ, ತಪ್ಪು ಮಾಡಿ ಬಂದು ಬಾಗಿಲಲ್ಲಿ ನಿಂತು ಮಾತಾಡಿದ ಹಾಗೇ ಇತ್ತು. ಕಲಿಸಿದವಳು ನಾನು ಎಂಬ ಸೊಕ್ಕು ನನಗೆ ಆ ಗಳಿಗೆಯಲ್ಲಿ ಎಷ್ಟು ಬಂದಿತ್ತೆಂದರೆ ನೆಲದ ಮೇಲೆ ಕಾಲಿರಲಿಲ್ಲ.

ಕಟ್ ಅಂದ ಮೇಲೂ ಪದ್ಮಕ್ಕ ಅವರ ಕೈ ಬಿಡಲಿಲ್ಲ. "ನೀವು ನಮ್ಮ ಕಡ್ಯಾವ್ರೇ ಬಿಡ್ರಿ," ಅಂದರು. "ಬಣ್ಣ ಹಚ್ಚಿ ಬೆಳ್ಳಗ ಮಾಡ್ಯಾರ, ಅಷ್ಟ."

ಆ ಹೊಗಳಿಕೆಯೇ ಮುಂದೆ ಕುತ್ತು ತಂದೀತೆಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಮರುದಿನವೇ ಆಸ್ಪತ್ರೆ ಸೇರಿಸಿದೆವು. ಒಳಗೆ ಒಯ್ಯುವ ಮುಂಚೆ ಕಾಕಾ ಕೊನೆಯದಾಗಿ ಏನು ಮಾತಾಡಿದರೆಂದು ಕೇಳುವಿರಾ? ನರ್ಸಮ್ಮನಿಗೆ ಫ್ಯಾನ್ ಕಡಿಮೆ ಮಾಡಲು ಹೇಳಿದರು, ಅಷ್ಟೇ. ಆಮೇಲೆ ಕೊರಳಲ್ಲಿ ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ನನ್ನ ಫೋನಿನಲ್ಲಿ ಅವರ ಧ್ವನಿಯನ್ನು ಒಮ್ಮೆಯಾದರೂ ಯಾಕೆ ಹಿಡಿದಿಟ್ಟುಕೊಳ್ಳಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಸಿನಿಮಾದಲ್ಲಿ ಇರುತ್ತದಲ್ಲ ಎಂದುಕೊಂಡಿದ್ದೆವು. ಅದಕ್ಕಿಂತ ಭದ್ರವಾದ ಜಾಗ ಯಾವುದಿದೆ?

ಧ್ವನಿ ಹೋದ ಮನೆಯಲ್ಲಿ ನಾನೊಬ್ಬಳೇ ಅವರಿಗೆ ಕಿವಿ. ಆ ತುಟಿಗಳು ನನಗೆ ಬಾಯಿಪಾಠ ಇದ್ದವಲ್ಲ. ಕೇರಂ ಆಡುವಾಗ ಅವರು ತುಟಿ ಆಡಿಸಿದರೆ ನಾನು ನಮ್ಮ ಮನೆಯವರಿಗೆ ಹೇಳುತ್ತಿದ್ದೆ, ಬೈಗುಳವನ್ನೂ ಬಿಡದೆ. ಮಾತು ಮುಗಿದಾಗಲೆಲ್ಲ ಕಾಕಾ ಕೇಳುತ್ತಿದ್ದದ್ದು ಒಂದೇ: "ಸಿನಿಮಾ ಯಾವಾಗ್ರಿ?"

ಸಿನಿಮಾ ಬರುವ ವಾರ ನಿರಂಜನನ ಫೋನು ಬಂತು. ನಾನು ಶಾಲೆಯ ಅಂಗಳದಲ್ಲಿದ್ದೆ.

"ಮೇಡಂ, ಹೇಗೆ ಹೇಳೋದು ಗೊತ್ತಾಗ್ತಿಲ್ಲ. ಟ್ರಯಲ್ ಶೋ ಮಾಡಿದ್ವಿ. ಎಲ್ರೂ ಒಂದೇ ಕಂಪ್ಲೇಂಟ್. ದೊರೆ ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾನಾ, ಯಾರೋ ನಮ್ಮವರು ವಾಯ್ಸ್ ಕೊಟ್ಟಿದ್ದಾರೆ, ಡಬ್ಬಿಂಗ್ ಥರ ಇದೆ ಅಂತಾರೆ. ಒರಿಜಿನಲ್ ವಾಯ್ಸೇ ಡಬ್ಬಿಂಗ್ ಥರ ಕೇಳಿಸ್ತಿದೆ ಮೇಡಂ. ಪ್ರೊಡ್ಯೂಸರ್ ಬೇರೆಯವರ ಹತ್ರ ಮಾಡಿಸಿಬಿಟ್ರು."

"ಅವರ ಗಂಟಲಾ ಕೊಯ್ದಾರ. ನಿಮಗ ಗೊತ್ತದ ಇಲ್ಲ?"

"ಗೊತ್ತು ಮೇಡಂ. ಐ ಆಮ್ ಸಾರಿ. ನಾನು ತುಂಬಾ ಫೈಟ್ ಮಾಡ್ದೆ."

"ಮೊದಲಿನ ಧ್ವನಿ ಎಲ್ಲದ? ಅದನ್ನರ ಕೊಡ್ರಿ ನಮಗ."

ಕೊಡಿಸುತ್ತೇನೆ ಅಂದ. ಆಮೇಲೆ ನನ್ನ ಫೋನ್ ಎತ್ತಲಿಲ್ಲ. ಬಹಳ ದಿನದ ಮೇಲೆ ಸ್ಟುಡಿಯೋದ ಇನ್ಯಾರೋ ಎತ್ತಿ, ಅದನ್ನೆಲ್ಲ ಅಳಿಸಿ ಆ ಡಿಸ್ಕನ್ನು ಬೇರೆ ಕೆಲಸಕ್ಕೆ ಬಳಸಿದ್ದಾರೆ ಎಂದರು. ಆ ಹುಡುಗನ ಮೇಲೆ ಸಿಟ್ಟು ಇಟ್ಟುಕೊಳ್ಳೋಣವೆಂದರೆ ಅದೂ ಪೂರ್ತಿ ಬರುವುದಿಲ್ಲ. ಬಿಳಿಯ ಮುಖ ಸರಿಯಾಗಿ ಕನ್ನಡ ಆಡಿದರೆ ನಂಬಲಾರದವರು ನಾವೆಲ್ಲ. ನಾನೇ ಟಿಕೆಟ್ ಕೊಂಡು ಹೋಗಿದ್ದರೆ ನಂಬುತ್ತಿದ್ದೆನೋ ಇಲ್ಲವೋ.

ನಿರಂಜನ ಫೋನ್ ಮಾಡಿದ ದಿನ ಸಂಜೆಯೇ ಕಾಕಾರಿಗೆ ಎಲ್ಲ ಹೇಳಿದೆ. ಮುಚ್ಚಿಡಲು ನನಗೆ ಬರುವುದಿಲ್ಲ. ಕೇಳಿಕೊಂಡು ಎದ್ದು, ಹಲಗೆಯಲ್ಲಿ ಓರೆಯಾಗಿದ್ದ ಒಂದು ಮೀಸೆಯನ್ನು ನೆಟ್ಟಗೆ ಮಾಡಿದರು. ಆಮೇಲೆ ತುಟಿ ಆಡಿತು: "ಹೋಗೂಣು."

"ಯಾಕ್ರಿ ಕಾಕಾ? ಹೊಟ್ಟಿ ಉರಸ್ಕೋಳಿಕ್ಕ?"

"ನನ್ನ ಸಿನಿಮಾ ಅದು."

ಹಿಂಜವಡಿಯ ಮಾಲ್ ಒಂದರಲ್ಲಿ, ಶನಿವಾರ ಮಧ್ಯಾಹ್ನದ ಆಟ. ಸುತ್ತ ಎಲ್ಲ ಐಟಿ ಕಂಪನಿಗಳ ಹುಡುಗ ಹುಡುಗಿಯರು, ಊರು ಬಿಟ್ಟು ಬಂದವರು, ಕನ್ನಡ ಕೇಳಲು ಹಸಿದು ಬಂದವರು. ಅವರ ಖುಷಿ ನೋಡಿದರೆ ಬೈಯುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ. ಕಾಕಾರನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಪರದೆಯ ಮೇಲೆ ದೊರೆ ಬಂದ ಕೂಡಲೇ ಸಿಳ್ಳೆ ಬಿತ್ತು. ಬಾಯಿ ತೆರೆದ ಕೂಡಲೇ ನಗು. ಕೊನೆಯ ದೃಶ್ಯ ಬಂತು. ಪದ್ಮಕ್ಕ ಅಕ್ಕಿ ಹಸನು ಮಾಡುತ್ತಿದ್ದಾರೆ. ದೊರೆ ಟೊಪ್ಪಿಗೆ ತೆಗೆದ. ಯಾವನದೋ ದಪ್ಪ ಧ್ವನಿ ಅಂದಿತು: "ಅವ್ವಾ, ನಿಮ್ದು ಮಗ ಹೆಸ್ರು ನಮ್ಗೆ ಗೊಟ್ಟು ಇಲ್ಲಾ!"

ಇಡೀ ಥಿಯೇಟರ್ ಹೊಟ್ಟೆ ಹಿಡಿದು ನಕ್ಕಿತು. ಪದ್ಮಕ್ಕನ ಕಣ್ಣೀರೂ ಅದರಲ್ಲಿ ಕೊಚ್ಚಿಹೋಯಿತು.

ನಾನು ಕಾಕಾರ ಕಡೆ ತಿರುಗಿದೆ. ಪರದೆಯ ಬೆಳಕು ಅವರ ಮುಖದ ಮೇಲಿತ್ತು. ತುಟಿಗಳು ಆಡುತ್ತಿದ್ದವು. ನಿನ್ನ ಮಗನ ಹೆಸರ ನನಗ ಗೊತ್ತಿಲ್ಲ. ಹುಕುಮ ಕೊಡೂ ಮುಂದ ಕೇಳಲಿಲ್ಲ. ಪರದೆಯ ತುಟಿಗೂ ಇಲ್ಲಿಯ ತುಟಿಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಕೊನೆಯ ಮಾತಿನವರೆಗೂ ಹೇಳಿದರು. ಕೇಳಿದವಳು ನಾನೊಬ್ಬಳೇ.

ತಡಮಾಡಿದ್ದಕ್ಕೆ ರೋಗ ಕೊರಳ ತುಂಬ ಹಬ್ಬಿತ್ತು. ಮುಂದಿನ ಮಳೆಗಾಲವನ್ನು ಕಾಕಾ ನೋಡಲಿಲ್ಲ. ಕಡೆಯ ದಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ನನಗೇನೋ ಹೇಳುತ್ತಿದ್ದಾರೆಂದು ಬಗ್ಗಿ ನೋಡಿದೆ. ಕನ್ನಡವಲ್ಲ, ಮರಾಠಿಯೂ ಅಲ್ಲ. ಆಯ್ನ್ಸ್, ತ್ಸ್ವಾಯ್, ದ್ರಾಯ್. ಎಣಿಸುತ್ತಿದ್ದರು. ನಾನು ಅತ್ತೆ, ಬಹಳ ಅತ್ತೆ, ಈಗಲೂ ಆ ಅಂಕಿಗಳನ್ನು ಎಲ್ಲಾದರೂ ಕೇಳಿದರೆ ಅಳು ಬರುತ್ತದೆ.

ಸಿನಿಮಾ ಓಡಲಿಲ್ಲ. ಓಡಿದ್ದು ಆ ಒಂದು ಮಾತು. ಯಾರೋ ಅದನ್ನು ಕತ್ತರಿಸಿ ಫೋನಿಗೆ ಹಾಕಿದರು. ಹೆಂಡತಿಯ ಹುಟ್ಟುಹಬ್ಬ ಮರೆತ ಗಂಡ, ಪಾಠ ಓದದ ಹುಡುಗ, ಎಲ್ಲರೂ ಆ ಧ್ವನಿಗೆ ಬಾಯಿ ಆಡಿಸಿ ವೀಡಿಯೊ ಮಾಡಿದರು. ನಾಟಕದಲ್ಲಿ ಮಹಾದೇವಿ ಹೇಳಬೇಕಾಗಿದ್ದದ್ದೂ ಅದೇ. ಅವಳಿಗೆ ಗೊತ್ತಿರುವ ದೊರೆ ಅವನೊಬ್ಬನೇ.

ವರಾಂಡದಿಂದ ಒಳಗೆ ಹೋದೆ. ಮೀಸೆ ಕೂತಿತ್ತು. "ನಿನ್ನ ಮಾತು ಒಮ್ಮೆ ಹೇಳು ನೋಡೂಣು," ಅಂದೆ. ಹೇಳಿದಳು. ಬಣ್ಣದವನೂ ನಕ್ಕ. "ಹಂಗಲ್ಲವ್ವಾ," ಅಂದೆ, ಎದುರಿಗೆ ಕೂತು ಸರಿಯಾದ ಮಾತು ಹೇಳಿಕೊಟ್ಟೆ. ಮನೆಯಲ್ಲಿ ಆಡುವ ಭಾಷೆಯೇ ಆದ್ದರಿಂದ ಒಂದೇ ಸಲಕ್ಕೆ ಹಿಡಿದಳು. ಅವ್ವಾ, ನಿನ್ನ ಮಗನ ಹೆಸರ ನನಗ ಗೊತ್ತಿಲ್ಲ. ಎಷ್ಟೋ ದಿನದ ಮೇಲೆ ಆ ಮಾತು ಒಂದು ಬಾಯಿಯಿಂದ ಸದ್ದಾಗಿ ಹೊರಬಂತು. ಬಣ್ಣದವನು ಈ ಸಲ ನಗಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು, ಗೆಳತಿಯರ ಮುಖ ನೋಡಿದಳು.

"ಅಕ್ಕೋರ," ಅಂದಳು ಹೆದರುತ್ತ, "ಹಿಂಗಂದ್ರ ಯಾರೂ ನಗಂಗಿಲ್ಲಲ್ರೀ. ಮೊದಲಿನ ಮಾತೇ ಹೇಳ್ಲೇನ್ರಿ?"

ಹೊರಗೆ ಅವರ ನಾಟಕದ ಹೆಸರು ಕೂಗುತ್ತಿದ್ದರು. ಅವಳ ತಾಯಿ ತಂದೆ ಅಂದಿನ ಕೆಲಸ ಬಿಟ್ಟು ಮುಂದಿನ ಸಾಲಿನಲ್ಲಿ ಬಂದು ಕೂತಿದ್ದರು.

"ಮೊದಲಿನ ಮಾತೇ ಹೇಳವ್ವಾ," ಅಂದೆ.